ಓದಲು ಬರುವ ಕಾಸು

ನನ್ನ ನಾಣ್ಯದ ಆಲ್ಬಮ್ಮಿನ ಕೊನೆಯ ಖಾನೆ ತುಂಬಿದ್ದು ಹೋದ ವರ್ಷದ ಆಷಾಢದಲ್ಲಿ. ಹಾಸನದಲ್ಲಿ ಬೆಳಗಿನಿಂದ ಜಡಿಮಳೆ. ಅಂಗಡಿಗೆ ಒಬ್ಬ ಗಿರಾಕಿಯೂ ಬಂದಿರಲಿಲ್ಲ. ಅಂಚೆಯಲ್ಲಿ ಬಂದ ಪುಟ್ಟ ಲಕೋಟೆಯನ್ನು ಹೊಲಿಗೆ ಮಿಷನ್ನಿನ ಹಲಗೆ ಮೇಲಿಟ್ಟು, ನೂಲು ಕತ್ತರಿಸುವ ಕತ್ತರಿಯಿಂದಲೇ ಬಿಡಿಸಿದೆ. ಒಳಗೆ 1961ರ 50 ನಯಾಪೈಸೆ.

ಅದನ್ನು ಆಲ್ಬಮ್ಮಿನಲ್ಲಿ ಸೇರಿಸಿದೆ. 28 ಖಾನೆ, 28 ನಾಣ್ಯ. ಒಂದು ಪೈಸೆಯಿಂದ ಎಂಟಾಣೆವರೆಗೆ, ರೂಪಾಯಿಗಿಂತ ಕೆಳಗಿನ ಚಿಲ್ಲರೆಯಲ್ಲಿ ಆಕಾರ, ಲೋಹ, ಬರಹ ಬದಲಾದಾಗಲೆಲ್ಲ ಒಂದೊಂದು. ಪಟ್ಟಿ ನಾನೇ ಮಾಡಿಕೊಂಡಿದ್ದು. ಅಪ್ಪನಿಗೆ ಫೋನ್ ಮಾಡಿ "ಮುಗೀತು" ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದಾ? ಹಂಗಾದ್ರೆ ಇನ್ನೇನ್ ಮಾಡ್ತೀಯ?" ಅಂದರು.

ಆ ಪ್ರಶ್ನೆಗೆ ಉತ್ತರ ಸಿಗಲು ಆರು ತಿಂಗಳು ಬೇಕಾಯಿತು.

ಈ ನಾಣ್ಯಗಳು ಬಂದಿದ್ದು ಅಪ್ಪನ ಗಲ್ಲಾಪೆಟ್ಟಿಗೆಯಿಂದ. ಕಟ್ಟಿನಕೆರೆ ಮಾರುಕಟ್ಟೆ ಹತ್ತಿರ ಅವರದ್ದೊಂದು ದಿನಸಿ ಅಂಗಡಿ ಇತ್ತು. ತಾತನ ಕಾಲದ್ದು. 2011ರ ಜೂನ್ 30ರಿಂದ ನಾಲ್ಕಾಣೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯ ನಡೆಯುವುದಿಲ್ಲ ಅಂತ ಸರ್ಕಾರ ಹೇಳಿದಾಗ, ಎಲ್ಲರೂ ಬ್ಯಾಂಕಿಗೆ ಕೊಟ್ಟು ಬಂದರು. ಅಪ್ಪ ಕೊಡಲಿಲ್ಲ. ಒಂದು ಬಿಸ್ಕತ್ತಿನ ಡಬ್ಬಿಗೆ ಸುರಿದು ಅಟ್ಟಕ್ಕೆ ಹಾಕಿದರು. ಅಂಗಡಿ ಮುಚ್ಚಿದ ವರ್ಷ ಡಬ್ಬಿ ನನ್ನ ಕೈಗೆ ಬಂತು. ನಾನು ಟೈಲರ್. ಗುಂಡಿಗಳನ್ನು ಬಣ್ಣಕ್ಕೆ ಬಣ್ಣ, ಅಳತೆಗೆ ಅಳತೆ ವಿಂಗಡಿಸಿ ಇಡುವುದು ಕೈಗೆ ಬಂದ ಕೆಲಸ. ಒಂದು ಭಾನುವಾರ ಡಬ್ಬಿಯನ್ನು ಚಾಪೆ ಮೇಲೆ ಬೋರಲು ಹಾಕಿ ಹಾಗೇ ವಿಂಗಡಿಸಲು ಕೂತೆ. ಆರು ಮೂಲೆಯ ಮೂರು ಪೈಸೆ, ಚೌಕದ ಐದು ಪೈಸೆ, ಅಂಚು ಅಲೆಅಲೆಯಾಗಿರುವ ಹತ್ತು ಪೈಸೆ, ಕಮಲದ ಹೂವಿನ ಹಿತ್ತಾಳೆ ಬಣ್ಣದ ಇಪ್ಪತ್ತು ಪೈಸೆ, ಘೇಂಡಾಮೃಗದ ನಾಲ್ಕಾಣೆ. ಸಂಜೆ ಹೊತ್ತಿಗೆ ಹದಿನೈದು ಗುಂಪಾಗಿತ್ತು. ಉಳಿದ ಹದಿಮೂರನ್ನು ಹುಡುಕಲು ನಾಲ್ಕು ವರ್ಷ ಹಿಡಿಯಿತು.

ಆ ಕೊನೆಯ ಎಂಟಾಣೆ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರ ಮೇಲೆ 50 ನಯೇ ಪೈಸೆ ಅಂತ ಇರುವುದಷ್ಟೇ ಅಲ್ಲ. ಹಿಂದಿಯಲ್ಲಿ 'ರುಪಯೇ ಕಾ ಆಧಾ ಭಾಗ್' ಅಂತಲೂ ಇದೆ. ರೂಪಾಯಿಯ ಅರ್ಧ ಭಾಗ. ನಾಲ್ಕಾಣೆ ಮೇಲೆ ನಾಲ್ಕನೇ ಭಾಗ, ಒಂದು ನಯಾಪೈಸೆ ಮೇಲೆ ನೂರನೇ ಭಾಗ. ನಾಣ್ಯವೇ ಜನರಿಗೆ ಲೆಕ್ಕ ಹೇಳಿಕೊಡುತ್ತಿತ್ತು. ಯಾಕೆಂದರೆ 1957ರ ಮಾರ್ಚ್ 31ರವರೆಗೆ ರೂಪಾಯಿಗೆ 16 ಆಣೆ, 64 ಕಾಸು, 192 ಪೈ. ಮಾರನೇ ದಿನ ಇದ್ದಕ್ಕಿದ್ದಂತೆ 100. ಅಪ್ಪನಿಗೆ ಆಗ 11 ವರ್ಷ. ತಾತನ ಪಕ್ಕ ಅಂಗಡಿಯಲ್ಲಿ ಕೂರುತ್ತಿದ್ದರು.

"ಒಂದಾಣೆಗೆ ಆರೂ ಕಾಲು ನಯಾಪೈಸೆ ಆಗುತ್ತೆ ಕಣಮ್ಮ. ಆ ಕಾಲು ಎಲ್ಲಿಂದ ತರೋದು? ಆರು ಕೊಡು ಅಂತ ಸರ್ಕಾರದ ಪಟ್ಟಿಲಿ ಇತ್ತು. ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ ಸರಿಯಾಗಿ 25. ಮೂರಾಣೆನ ಬಿಡಿಬಿಡಿಯಾಗಿ ಮೂರು ಸಲ ಕೊಟ್ರೆ 18, ಒಟ್ಟಿಗೆ ಕೊಟ್ರೆ 19. ಸಂತೆ ದಿನ ಅದಕ್ಕೇ ಎಷ್ಟು ಜಗಳ ಅಂತೀಯ!"

1964ರ ಜೂನ್ 1ರಿಂದ 'ನಯಾ' ಅನ್ನೋದು ಹೋಯಿತು. ಬರೀ ಪೈಸೆ ಉಳಿಯಿತು. ನಮ್ಮ ಮಾತಲ್ಲಿ ಮಾತ್ರ ಇನ್ನೂ ಹೋಗಿಲ್ಲ. 'ಒಂದು ನಯಾಪೈಸೆ ಕೊಡಲ್ಲ' ಅಂತ ಇವತ್ತಿಗೂ ಅಂತೀವಲ್ವಾ.

ಸೆಟ್ಟು ಮುಗಿದ ಮೇಲೆ ಮನಸ್ಸು ಮದುವೆ ಮುಗಿದ ಮನೆ ಹಾಗಾಯಿತು. ರಾತ್ರಿ ಊಟ ಆದ ಮೇಲೆ ಆಲ್ಬಮ್ ತೆಗೆದು ನೋಡುತ್ತಿದ್ದೆ. ನೋಡಲು ಎಲ್ಲ ಇತ್ತು, ಹುಡುಕಲು ಏನೂ ಇರಲಿಲ್ಲ.

ಸಲಹೆಗಳು ಬಂದವು. ಮೊದಲನೆಯದು ನನ್ನ ಮಗಳದ್ದು. "ಅಮ್ಮಾ, ಇದನ್ನೇ ಇನ್ನೂ ಆಳಕ್ಕೆ ಇಳಿಸು" ಅಂದಳು. ಒಂದೊಂದು ವರ್ಷದ್ದು, ಒಂದೊಂದು ಟಂಕಸಾಲೆಯದ್ದು. ಇಸವಿಯ ಕೆಳಗೆ ಸಣ್ಣ ಗುರುತು ಇರುತ್ತದೆ. ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಒಳ್ಳೆಯ ದಾರಿಯೇ. ಖರ್ಚೂ ಕಮ್ಮಿ. ಸುಮಾರು ಒಂದು ತಿಂಗಳು ಅಂಗಡಿಗೆ ಬಂದ ಚಿಲ್ಲರೆಯನ್ನೆಲ್ಲ ಭೂತಗನ್ನಡಿ ಹಿಡಿದು ನೋಡಿದೆ. ಆಮೇಲೆ ಗೊತ್ತಾಯಿತು, ನಾನು ನಾಣ್ಯ ನೋಡುತ್ತಿಲ್ಲ, ಇಸವಿಯ ಕೆಳಗಿನ ಚುಕ್ಕಿ ಮಾತ್ರ ನೋಡುತ್ತಿದ್ದೇನೆ ಅಂತ. ಇದರಲ್ಲಿ ಖುಷಿ ಕಾಣುವವರು ಇದ್ದಾರೆ, ಅವರ ತಾಳ್ಮೆ ದೊಡ್ಡದು. ನನಗೆ ಒಗ್ಗಲಿಲ್ಲ.

ನಮ್ಮನೆಯವರು ನೋಟು ಕೂಡಿಡು ಅಂದರು. ನೋಟಿನ ಹಿಂದೆ 15 ಭಾಷೆಯ ಪಟ್ಟಿ ಇರುತ್ತಲ್ಲ, ಮೇಲಿಂದ ನಾಲ್ಕನೇ ಸಾಲು ಕನ್ನಡ. ಅದೊಂದು ಆಸೆ ಇತ್ತು. ಆದರೆ ನಮ್ಮ ಮನೆ ಸಾಲಗಾಮೆ ರಸ್ತೆ ಕಡೆ, ಹಳೇ ಹೆಂಚಿನ ಮನೆ. ಮಳೆಗಾಲದಲ್ಲಿ ಬೀರುವಿನ ರೇಷ್ಮೆ ಸೀರೆಗೇ ಬೂಷ್ಟು ಹಿಡಿಯುತ್ತದೆ. ಕಾಗದ ಉಳಿಸುವುದು ಕಷ್ಟ. ನಾಣ್ಯಕ್ಕೂ ತೇವ ಆಗದು, ಆದರೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಡಬ್ಬಿ ಮುಚ್ಚಿಟ್ಟರೆ ತಡೆಯುತ್ತದೆ.

ಇನ್ನು ಸ್ಮಾರಕ ನಾಣ್ಯಗಳು. ನಮ್ಮಲ್ಲಿ ಮೊದಲನೆಯದು 1964ರಲ್ಲಿ ನೆಹರೂ ತೀರಿಕೊಂಡ ಮೇಲೆ ಬಂತು. 1969ರಲ್ಲಿ ಗಾಂಧೀಜಿಯ ನೂರನೇ ವರ್ಷಕ್ಕೆ ಬಂದದ್ದು ಅಪ್ಪನ ಡಬ್ಬಿಯಲ್ಲೇ ನಾಲ್ಕು ಇದ್ದವು. ಈಗ ಬರುವ 100 ರೂಪಾಯಿ, 150 ರೂಪಾಯಿ ನಾಣ್ಯ, 2023ರ ಹೊಸ ಸಂಸತ್ ಭವನದ 75 ರೂಪಾಯಿ ನಾಣ್ಯ, ಇವು ಅಂಗಡಿ ಸಂತೆಗೆ ಬರುವುದೇ ಇಲ್ಲ. ಟಂಕಸಾಲೆಯಿಂದ ಡಬ್ಬಿ ಸಮೇತ ದುಡ್ಡು ಕಟ್ಟಿ ತರಿಸಬೇಕು. ನೋಡಲು ಕಣ್ಣು ಕೋರೈಸುತ್ತವೆ. ಆದರೆ ಯಾರ ಸೆರಗಿನ ಗಂಟಿನಲ್ಲೂ ಇರದ, ಯಾರ ಬೆವರಿನ ಕೈಯಿಂದಲೂ ದಾಟದ ನಾಣ್ಯ ನನಗೆ ನಾಣ್ಯ ಅನ್ನಿಸಲಿಲ್ಲ. ಇದು ನನ್ನ ಮನಸ್ಸಿನ ಮಾತು ಅಷ್ಟೇ.

ಆಮೇಲೆ ಬೆಳ್ಳಿ ರೂಪಾಯಿ. ಇಲ್ಲಿ ನಾನು ನಿಜವಾಗಿ ಜಾರಿದೆ. ಬೆಳ್ಳಿ ಅಂಗಡಿಯಲ್ಲಿ ಒಬ್ಬರು ಐದನೇ ಜಾರ್ಜ್ ರೂಪಾಯಿ ತೋರಿಸಿದರು. ತಕ್ಕಡಿಗೆ ಹಾಕಿದರೆ 11.66 ಗ್ರಾಂ. ಸರಿಯಾಗಿ ಒಂದು ತೊಲ. ಹಿಂದೆ ಅಕ್ಕಸಾಲಿಗರು ರೂಪಾಯಿಯನ್ನೇ ತೂಕದ ಕಲ್ಲಿನ ಬದಲು ಇಡುತ್ತಿದ್ದರು ಅಂತ ಅಪ್ಪ ಹೇಳುತ್ತಿದ್ದರು, ಅದು ಕಣ್ಣಾರೆ ಕಂಡಿತು. ಅದೇ ರಾಜನ 1911ರ ರೂಪಾಯಿಯ ಕಥೆಯೂ ಚೆನ್ನಾಗಿದೆ. ರಾಜನ ನಿಲುವಂಗಿಯ ಮೇಲೆ ಒಂದು ಆನೆ ಇದೆ. ಸೊಂಡಿಲು ತೀರಾ ಮೊಟಕು. ಜನ ಅದನ್ನು ಹಂದಿ ಅಂದುಕೊಂಡರು. ಗಲಾಟೆ ಆಯಿತು. ಸರ್ಕಾರ ಆ ನಾಣ್ಯ ಹೊರಬಿಡುವುದನ್ನು ನಿಲ್ಲಿಸಿತು. 1912ರ ರೂಪಾಯಿಯಲ್ಲಿ ಸೊಂಡಿಲು ಎದ್ದು ಕಾಣುವ ಹಾಗೆ ತಿದ್ದಿದರು. ಒಂದು ಕಾಳಿನಷ್ಟು ಚಿತ್ರ ಅದು. ನಮ್ಮ ಜನ ದುಡ್ಡನ್ನು ಎಷ್ಟು ಹತ್ತಿರದಿಂದ ನೋಡುತ್ತಿದ್ದರು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆದರೆ ಬೆಳ್ಳಿ ದರ ಏರಿದ ಹಾಗೆ ಈ ರೂಪಾಯಿಗಳ ದರವೂ ಏರುತ್ತದೆ. ನನ್ನ ಲೆಕ್ಕ ತಿಂಗಳಿಗೆ 500 ರೂಪಾಯಿ, ಬ್ಲೌಸ್ ಹೊಲಿದ ದುಡ್ಡಿನಲ್ಲಿ ಪಕ್ಕಕ್ಕಿಟ್ಟಿದ್ದು. ನಕಲಿ ಬೇರೆ ರಾಶಿ ರಾಶಿ. ಅಪ್ಪ ಒಂದೇ ಮಾತು ಹೇಳಿದರು, "ಬೆಳ್ಳಿ ಕೂಡಿಡೋದು ಬೇರೆ, ನಾಣ್ಯ ಕೂಡಿಡೋದು ಬೇರೆ. ಯಾವುದು ಬೇಕು ನೋಡ್ಕೊ." ಅಲ್ಲಿಗೆ ಬಿಟ್ಟೆ.

ಬೆಳ್ಳಿ ಅಲ್ಲದ ಆಣೆ ನಾಣ್ಯಗಳನ್ನು ಮಾತ್ರ ನಾಲ್ಕೈದು ತಂದಿದ್ದೆ, ಕೈಗೆ ಹೇಗೆ ಹಿಡಿಸುತ್ತದೆ ನೋಡೋಣ ಅಂತ. 1943ರ ತೂತಿನ ಕಾಸು, 1947ರ ಹುಲಿಯ ನಾಲ್ಕಾಣೆ, ಅಂಚು ಅಲೆಅಲೆಯಾದ ಒಂದಾಣೆ. ಆ ಒಂದಾಣೆಯೇ ಕೊನೆಗೆ ದಾರಿ ತೋರಿಸಿದ್ದು.

ದೀಪಾವಳಿ ಹೊತ್ತಿಗೆ ಹಾಸನಾಂಬೆ ಗುಡಿ ಬಾಗಿಲು ತೆಗೆದಿತ್ತು. ವರ್ಷಕ್ಕೊಮ್ಮೆ ತಾನೆ, ನಂಟರೆಲ್ಲ ಬರುತ್ತಾರೆ. ಹೊಳೆನರಸೀಪುರದಿಂದ ಅಪ್ಪನ ಅಕ್ಕ, ನಮ್ಮ ದೊಡ್ಡತ್ತೆ, ಬಂದಿದ್ದರು. 88 ವರ್ಷ. ದರ್ಶನ ಮುಗಿಸಿ ಬಂದು, ಕಾಫಿ ಕುಡಿದು, ಜಗಲಿ ಮೇಲೆ ಕೂತಿದ್ದರು. ನಾನು ಆಣೆಗಳನ್ನು ಅವರ ಅಂಗೈಗೆ ಹಾಕಿದೆ. ಈ ದುಡ್ಡು ಬಳಸಿದ ಕೈ ಅದು, ಅಲ್ವಾ. ತೂತಿನ ಕಾಸನ್ನು ಬೆರಳಲ್ಲಿ ತಿರುಗಿಸಿ ನಕ್ಕರು. ಒಂದಾಣೆಯನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

"ಏನೇ ಇದು, ಕನ್ನಡ್ದಲ್ಲೇ ಬರ್ದವ್ರೆ! 'ಒಕ ಅಣಾ'. ಒಂದಾಣೆ ಅಂತ ತಾನೆ?"

ನಾನು ಭೂತಗನ್ನಡಿ ತಂದೆ. ಆ ನಾಣ್ಯದ ಮೇಲೆ ನಾಲ್ಕು ಲಿಪಿಯಲ್ಲಿ ಬೆಲೆ ಇದೆ. ಉರ್ದು, ನಾಗರಿ, ಬಂಗಾಳಿ, ಇನ್ನೊಂದು ತೆಲುಗು. ಅತ್ತೆ ಓದಿದ್ದು ತೆಲುಗನ್ನು. ಎರಡೂ ಒಂದೇ ಬೇರಿನ ಲಿಪಿ, ಹಾಗಾಗಿ ಕನ್ನಡ ಬಲ್ಲವರು ಯಾರೇ ಆದರೂ ಕೂಡಿಸಿ ಓದಬಹುದು. ವ್ಯತ್ಯಾಸ ಇರುವುದು ಅಕ್ಷರದ ತಲೆಯಲ್ಲಿ. ನಮ್ಮ 'ಕ' ತಲೆಕಟ್ಟು ಮಟ್ಟಸವಾಗಿರುತ್ತದೆ. ಅಲ್ಲಿ ಅದು ಮೇಷ್ಟ್ರು ಹಾಕುವ ಸರಿ ಗುರುತಿನ ಹಾಗೆ ಮೇಲಕ್ಕೆ ಎದ್ದಿದೆ.

"ಇದು ತೆಲುಗು ಅತ್ತೆ. ಕನ್ನಡ ಇಲ್ಲ ಇದರಲ್ಲಿ" ಅಂದೆ.

"ಯಾಕಿಲ್ಲ? ನಾವೂ ಇದೇ ದುಡ್ಡಲ್ವೇನೇ ಬಳಸಿದ್ದು?"

ಅವರು ಸಿಟ್ಟಿನಿಂದ ಕೇಳಲಿಲ್ಲ. ಸುಮ್ನೆ ಕೇಳಿದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ನನ್ನ 28 ನಾಣ್ಯದ ಆಲ್ಬಮ್ ತೆಗೆದೆ. ಎಲ್ಲದರ ಮೇಲೂ ಹಿಂದಿ, ಇಂಗ್ಲಿಷ್. 2006ರಲ್ಲಿ ಬಂದ ಬಸವಣ್ಣನವರ 5 ರೂಪಾಯಿ ಪ್ರತ್ಯೇಕ ಇಟ್ಟಿದ್ದೆ. ಅದರಲ್ಲೂ ಹಿಂದಿ, ಇಂಗ್ಲಿಷ್. ನಾಲ್ಕು ವರ್ಷ ದಿನಾ ನೋಡಿದ್ದೀನಿ, ಇದು ಕಣ್ಣಿಗೆ ಬಿದ್ದಿರಲಿಲ್ಲ. ಅವತ್ತು ರಾತ್ರಿ ನನ್ನ ಪ್ರಶ್ನೆ ಸಣ್ಣದಾಯಿತು. ಮುಂದೆ ಏನು ಕೂಡಿಡಲಿ ಅನ್ನುವುದು ಹೋಗಿ, ಕನ್ನಡ ಇರುವ ನಾಣ್ಯ ಯಾವುದು ಅನ್ನುವುದು ಉಳಿಯಿತು. ದೊಡ್ಡತ್ತೆ ಕೈಯಲ್ಲಿಟ್ಟರೆ ಅವರೇ ಓದಬೇಕು, ಅಷ್ಟೇ.

ಮೊದಲ ಉತ್ತರ ನಮ್ಮ ಕಾಲಬುಡದಲ್ಲೇ ಇತ್ತು. ಹೊಯ್ಸಳರ ಚಿನ್ನದ ಗದ್ಯಾಣ. ವಿಷ್ಣುವರ್ಧನ ಚೋಳರನ್ನು ಸೋಲಿಸಿ ತಲಕಾಡು ಗೆದ್ದ ಮೇಲೆ ನಾಣ್ಯದ ಮೇಲೆ 'ಶ್ರೀ ತಳಕಾಡುಗೊಂಡ' ಅಂತ ಕನ್ನಡದಲ್ಲಿ ಒತ್ತಿಸಿದ. ಇನ್ನೊಂದರ ಮೇಲೆ 'ಶ್ರೀ ನೊಣಂಬವಾಡಿಗೊಂಡ'. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಆಗಿದ್ದು 1117ರಲ್ಲಿ, ಅದೇ ರಾಜನ ಕಾಲ. ನಮ್ಮ ಊರಿಂದ ಒಂದು ಗಂಟೆ ದಾರಿ. ಗುಡಿ ನೋಡಿ ಬಂದವರು ಲಕ್ಷಾಂತರ ಜನ, ಆ ರಾಜ ತನ್ನ ಗೆಲುವನ್ನು ಕನ್ನಡದಲ್ಲಿ ಚಿನ್ನದ ಮೇಲೆ ಬರೆಸಿದ್ದ ಅನ್ನುವುದು ಎಷ್ಟು ಜನಕ್ಕೆ ಗೊತ್ತು?

ಆದರೆ ಅದು ನನ್ನ ಕೈಗೆ ಎಟುಕುವ ಮಾತಲ್ಲ. ಈ ವಿಷಯ ಅಲ್ಲಿ ಇಲ್ಲಿ ಕೇಳಿದ್ದು ಹೇಗೋ ಹರಡಿತು. ಒಂದು ಸಂಜೆ ಹಳೇಬೀಡು ಕಡೆಯವರೊಬ್ಬರು ಅಂಗಡಿಗೆ ಬಂದರು. ಹೊಲ ಉಳುವಾಗ ಸಿಕ್ಕಿದ್ದಂತೆ. ಬೀಡಿ ಕಟ್ಟಿನ ಕಾಗದದಲ್ಲಿ ಸುತ್ತಿದ್ದ ಹಳದಿ ಚೂರು, ಅವರೆಕಾಳಿಗಿಂತ ಸ್ವಲ್ಪ ದೊಡ್ಡದು. ನನ್ನ ಕೈ ನಡುಗಿತು, ನಿಜ. ಅಸಲಿಯೋ ನಕಲಿಯೋ ಹೇಳುವಷ್ಟು ನಾನು ಬಲ್ಲವಳಲ್ಲ. ಆದರೆ ಎರಡರಲ್ಲೂ ನಾನು ಅದನ್ನು ಮುಟ್ಟಬಾರದು. ನಕಲಿ ಆದರೆ ದುಡ್ಡು ಹೋಯಿತು. ಅಸಲಿ ಆದರೆ ಅದು ನಿಧಿ. ಅದಕ್ಕೆ ಕಾಯ್ದೆ ಇದೆ. ನೆಲದಡಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಕಾನೂನು ಒಂದು ಕಡೆ ಇರಲಿ. ಯಾವ ಹೊಲದ ಯಾವ ಮೂಲೆಯಲ್ಲಿ, ಎಷ್ಟು ಆಳದಲ್ಲಿ, ಏನಿನ ಜೊತೆ ಸಿಕ್ಕಿತು ಅನ್ನುವುದು ಒಂದು ಸಲ ತಪ್ಪಿದರೆ ಆ ನಾಣ್ಯದ ಅರ್ಧ ಕಥೆಯೇ ಹೋದ ಹಾಗೆ. "ಅಣ್ಣಾ, ಇದನ್ನ ಡಿ.ಸಿ. ಆಫೀಸಿಗೆ ತಗೊಂಡು ಹೋಗಿ. ನಾನಂತೂ ತಗೊಳ್ಳಲ್ಲ" ಅಂದೆ. ಅವರು ಕಾಗದ ಮಡಿಸಿಕೊಂಡು ಹೊರಟರು. ಅದು ಎಲ್ಲಿಗೆ ಹೋಯಿತೋ ಅಂತ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಹಳೆಯ ನಾಣ್ಯಗಳಲ್ಲಿ ಬಡವರ ಕೈಗೆ ಹತ್ತಿರ ಇರುವುದು ತಾಮ್ರ. ತಾಮ್ರ ಅಂದಕೂಡಲೇ ಎಲ್ಲರೂ ಹೇಳಿದ್ದು ಟಿಪ್ಪುವಿನ ಆನೆ ಕಾಸು. ಅವನ ನಕ್ಷತ್ರದಾಕಾರದ ಮಂಜರಾಬಾದ್ ಕೋಟೆ ಇರುವುದು ನಮ್ಮ ಜಿಲ್ಲೆಯ ಸಕಲೇಶಪುರದಲ್ಲೇ. ಆನೆ ಬಲು ಚೆಂದ. ಆದರೆ ಹಿಂದೆ ಇರುವುದು ಪರ್ಷಿಯನ್ ಬರಹ. ಎಷ್ಟು ಚೆಂದವಾದರೂ ಅತ್ತೆಗೂ ನನಗೂ ಓದಲು ಬಾರದು.

ಅದರ ಪಕ್ಕದಲ್ಲೇ, ಅಷ್ಟೇ ಅಗ್ಗಕ್ಕೆ, ಇನ್ನೊಂದು ಆನೆ ಇತ್ತು. ಟಿಪ್ಪು ನಂತರ 1799ರಲ್ಲಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಕಾಸು. ಒಂದು ಕಡೆ ಆನೆ, ಅದರ ಮೇಲೆ 'ಶ್ರೀ'. ಇನ್ನೊಂದು ಕಡೆ ಕನ್ನಡದಲ್ಲಿ 'ಮಯಿಲಿ ಕಾಸು', ಜೊತೆಗೆ ಇಂಗ್ಲಿಷಿನಲ್ಲಿ ಬೆಲೆ. ಇಪ್ಪತ್ತು, ಹತ್ತು, ಐದು. ಆಮೇಲಿನವುಗಳಲ್ಲಿ ಆನೆ ಹೋಗಿ ಸಿಂಹ ಬಂತು, 'ಶ್ರೀ ಚಾಮುಂಡಿ' ಅಂತ ಬರೆದರು. ಹಾಸನ ಆಗ ಮೈಸೂರು ಸೀಮೆ. ಈ ಕಾಸು ನಮ್ಮ ಊರ ಸಂತೆಯಲ್ಲೂ ಓಡಾಡಿರಬೇಕು. ನಮ್ಮ ಮನೆತನದ ಯಾರೋ ಇದನ್ನು ಕೊಟ್ಟು ಉಪ್ಪು ತಂದಿರಬಹುದು. ಮೊದಲ ಸಲ ಚಿತ್ರ ನೋಡಿದಾಗಲೇ ನನಗೆ ಉತ್ತರ ಸಿಕ್ಕಿತು. ಅಪ್ಪನಿಗೆ ಫೋನ್ ಮಾಡಿ, "ಆಷಾಢದಲ್ಲಿ ಕೇಳಿದ್ರಲ್ಲ, ಈಗ ಹೇಳ್ತೀನಿ ಕೇಳಿ" ಅಂದೆ.

ತಾಮ್ರ ಅಂದಾಗ ಒಂದು ಹಳೆಯ ತಪ್ಪು ನೆನಪಾಗಿ ಹೆದರಿಕೆಯೂ ಆಯಿತು. ಶುರುವಿನಲ್ಲಿ ಒಂದು ಕಂಚಿನ ನಯಾಪೈಸೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿಬಿಟ್ಟಿದ್ದೆ. ಪೂಜೆಯ ತಾಮ್ರದ ಚೊಂಬು ಉಜ್ಜುವ ಹಾಗೆ. ಐದು ನಿಮಿಷ ಫಳಫಳ ಹೊಳೆಯಿತು. ವಾರದಲ್ಲಿ ಕಳೆಗುಂದಿ, ಗಾಯದ ಮೇಲಿನ ಹೊಸ ಚರ್ಮದ ಹಾಗೆ ನಸುಗೆಂಪಾಗಿ ನಿಂತಿತು. ಅರವತ್ತು ವರ್ಷ ಕೂತು ಬಂದ ಕಂದು ಬಣ್ಣ ಮತ್ತೆ ಬರಲಿಲ್ಲ. ಆ ಬಣ್ಣವೇ ತಾಮ್ರದ ನಾಣ್ಯದ ಕಾಪು. ದಯವಿಟ್ಟು ಯಾರೂ ಹುಣಸೆಹಣ್ಣು, ನಿಂಬೆಹಣ್ಣು, ಬೂದಿ ಹಚ್ಚಬೇಡಿ. ಮೆತ್ತನೆಯ ಅಗ್ಗದ ಪಿವಿಸಿ ಚೀಲದಲ್ಲೂ ಇಡಬೇಡಿ, ವರ್ಷ ಎರಡು ವರ್ಷದಲ್ಲಿ ಹಸಿರು ಅಂಟು ಬಿಡುತ್ತದೆ. ನಾಣ್ಯವನ್ನು ಅಂಚು ಹಿಡಿದು ಎತ್ತಿ, ಗಟ್ಟಿ ಕಾಗದದ ಹೋಲ್ಡರಿನಲ್ಲಿಟ್ಟರೆ ಸಾಕು.

ಪುಷ್ಯ ಮಾಸದ ಚಳಿಯಲ್ಲಿ ಒಂದು ಭಾನುವಾರ, ಶ್ರವಣಬೆಳಗೊಳದ ಮೇಲೆ ಹೋಗುವ ರೈಲು ಹತ್ತಿ ಬೆಂಗಳೂರಿನ ನಾಣ್ಯ ಪ್ರದರ್ಶನಕ್ಕೆ ಹೋದೆ. ಮಗಳೂ ಬಂದಳು. ತುಂಬಾ ಮೇಜು ಸುತ್ತಿದೆವು. ಬಿಲ್ ಕೊಡದವರ ಹತ್ತಿರ ನಿಲ್ಲಲಿಲ್ಲ. ಮಣ್ಣು ಮೆತ್ತಿದ ನಾಣ್ಯವನ್ನು ಗುಡ್ಡೆ ಹಾಕಿ ಮಾರುವವರ ಹತ್ತಿರವೂ ನಿಲ್ಲಲಿಲ್ಲ. ಕೊನೆಗೆ ವಯಸ್ಸಾದ ವ್ಯಾಪಾರಿಯೊಬ್ಬರ ಟ್ರೇಯಲ್ಲಿ ಇಪ್ಪತ್ತು ಕಾಸಿನವು ಎರಡು ಇದ್ದವು. ಯಾವುದು ತಗೊಂಡರೂ 650 ರೂಪಾಯಿ.

ಒಂದರಲ್ಲಿ ಆನೆ ಎಷ್ಟು ಚೆನ್ನಾಗಿತ್ತು ಅಂದರೆ ಬಾಲದ ತುದಿಯೂ ಕಾಣುತ್ತಿತ್ತು. ಹಿಂದಿನ ಬರಹ ಮಾತ್ರ ಪೂರಾ ಸವೆದು ಹೋಗಿತ್ತು. ಇನ್ನೊಂದರಲ್ಲಿ ಆನೆಯ ತಲೆ ಅಂಚಿನಾಚೆ ಹೋಗಿದೆ, ಬೆನ್ನು ಕಾಲು ಮಾತ್ರ ಇದೆ. ಅಚ್ಚು ಓರೆಯಾಗಿ ಬಿದ್ದಿರಬೇಕು. ಆದರೆ ತಿರುಗಿಸಿದರೆ ದಪ್ಪ ದುಂಡು ಅಕ್ಷರ. 'ಕಾ'ದ ದೀರ್ಘ, 'ಸು'ವಿನ ಕೊಂಬು, ಎರಡೂ ಉಬ್ಬಿ ನಿಂತಿವೆ. ಕಣ್ಣು ಮುಚ್ಚಿ ಬೆರಳಾಡಿಸಿದರೂ ತಿಳಿಯುತ್ತದೆ.

"ಅಮ್ಮಾ, ಆನೆದು ತಗೋ, ಅದೇ ಚೆನ್ನಾಗಿದೆ" ಅಂದಳು ಮಗಳು. ವ್ಯಾಪಾರಿಯೂ ಅದನ್ನೇ ಮುಂದಕ್ಕೆ ತಳ್ಳಿದರು. ಮಾರುವ ಹೊತ್ತು ಬಂದರೆ ಅದಕ್ಕೇ ಬೆಲೆ ಜಾಸ್ತಿ ಅಂದರು. ನಾನು ಅಕ್ಷರದ್ದು ತೆಗೆದುಕೊಂಡೆ.

ಸಂಕ್ರಾಂತಿಗೆ ಎಳ್ಳು ಬೀರಲು ಹೊಳೆನರಸೀಪುರಕ್ಕೆ ಹೋದಾಗ ಅದನ್ನು ಹೋಲ್ಡರಿನಿಂದ ಬಿಡಿಸಿ ದೊಡ್ಡತ್ತೆಯ ಅಂಗೈಗೆ ಇಟ್ಟೆ. ಏನು, ಎತ್ತ ಅಂತ ಹೇಳಲಿಲ್ಲ. ಕನ್ನಡಕ ಮೇಲಕ್ಕೆ ಸರಿಸಿ, ನಾಣ್ಯವನ್ನು ಮೂಗಿನ ಹತ್ತಿರ ತಂದುಕೊಂಡರು. ಒಂದೊಂದೇ ಅಕ್ಷರದ ಮೇಲೆ ಉಗುರು ಇಟ್ಟರು.

"ಕಾ... ಸು. ಕಾಸು!" ಅಂದರು. ಆಮೇಲೆ ನನ್ನ ಮುಖ ನೋಡಿ, "ಇದು ತೆಲುಗಲ್ಲ ತಾನೆ?"

"ಅಲ್ಲ ಅತ್ತೆ. ಕನ್ನಡವೇ."

ಆಲ್ಬಮ್ಮಿನಲ್ಲಿ ಹೊಸ ಹಾಳೆ ಸೇರಿಸಿದ್ದೇನೆ. ಆನೆಯವಕ್ಕೆ ಮೂರು ಖಾನೆ, ಸಿಂಹದವಕ್ಕೆ ಕೆಳಗೆ ಜಾಗ. ಹತ್ತು ಕಾಸು, ಐದು ಕಾಸು ಇನ್ನೂ ಸಿಕ್ಕಿಲ್ಲ.